ಕೀಲಿಯೂ ಸೂತ್ರವೂ

ಸಕಲೇಶಪುರ ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಅಳೆದು ಬರೆದಿಡುವುದು ಬಹುಕಾಲದ ರೂಢಿ. ಬೆಳಗಾಗುತ್ತಲೇ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುತ್ತಾರೆ. ಮಾರ್ಚಿ ಏಪ್ರಿಲ್ ತಿಂಗಳುಗಳ ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು ಎಂಬುದನ್ನು ಆ ವರ್ಷದ ಫಸಲು ಅವಲಂಬಿಸಿರುವುದರಿಂದ ಈ ಲೆಕ್ಕಕ್ಕೆ ಬೆಲೆಯುಂಟು. ಆ ಪುಸ್ತಕದ ದೊಡ್ಡ ಗುಣವೆಂದರೆ, ಬರೆಯುವ ಕೈ ಯಾವುದೇ ಆಗಿರಲಿ, ಅಳೆಯುವ ವಿಧಾನ ಒಂದೇ ಆಗಿರುವುದು. ತಂದೆ ಬರೆದಲ್ಲಿಗೆ ಮಗ ಮುಂದುವರಿಸಿದರೂ ಲೆಕ್ಕ ಕೆಡುವುದಿಲ್ಲ.

ಇಂದು ನಮ್ಮ ವಿದ್ಯಾರ್ಥಿಗಳಿಗೆ ಇಂತಹ ಲೆಕ್ಕದ ಪುಸ್ತಕಗಳು ಗಣಕಯಂತ್ರದ ಮೂಲಕವೂ ದೊರೆಯುತ್ತಿವೆ. ಭಾರತ ಸರಕಾರವು ೨೦೧೨ರಲ್ಲಿ ತೆರೆದ ಮುಕ್ತ ದತ್ತಾಂಶ ತಾಣದಲ್ಲಿ ೧೯೦೧ನೆಯ ಇಸವಿಯಿಂದ ಮೊದಲ್ಗೊಂಡು ಹವಾಮಾನ ವಿಭಾಗಗಳ ತಿಂಗಳ ಮಳೆ ಸಿಗುತ್ತದೆ. ಕೃಷಿ ಮಾರುಕಟ್ಟೆಗಳ ದಿನದರವೂ ಸಿಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ‘ಫರ್ಮ್ಸ್’ ಎಂಬ ವ್ಯವಸ್ಥೆಯು ಉಪಗ್ರಹಗಳ ಕಣ್ಣಿಗೆ ಬಿದ್ದ ಬೆಂಕಿಯ ನೆಲೆಗಳನ್ನು, ಉಪಗ್ರಹವು ಹಾದುಹೋದ ಸುಮಾರು ಮೂರು ಗಂಟೆಗಳೊಳಗೆ, ಜಗತ್ತಿಗೆಲ್ಲ ಒದಗಿಸುತ್ತದೆ. ಬೇಸಗೆಯಲ್ಲಿ ಘಟ್ಟದ ಬೋಳುಗುಡ್ಡಗಳ ಒಣಹುಲ್ಲಿಗೆ ಕಿಚ್ಚು ಬಿದ್ದರೆ, ಹಾಸನದಲ್ಲಿ ಕುಳಿತ ವಿದ್ಯಾರ್ಥಿಯು ಅದನ್ನು ಅಂದೇ ನಕ್ಷೆಯ ಮೇಲೆ ಗುರುತಿಸಬಹುದು. ಮೂವತ್ತು ನಲವತ್ತು ವರ್ಷಗಳ ಹಿಂದೆ ದೊಡ್ಡ ಸಂಶೋಧನಾಲಯಗಳಿಗೂ ಇಲ್ಲದಿದ್ದ ಅನುಕೂಲವಿದು.

ಈ ಅನುಕೂಲವನ್ನು ಬಳಸುವ ಬಗೆಯಲ್ಲಿ ಒಂದು ದುರಭ್ಯಾಸವು ನಮ್ಮಲ್ಲಿ ಬೇರೂರುತ್ತಿದೆ. ದತ್ತಾಂಶವನ್ನು ಕೇಳಿ ತರುವ ಪ್ರೋಗ್ರಾಮಿನ ಒಡಲಿನಲ್ಲಿಯೇ, ಕೇಳುವವನ ಗುರುತಾದ ಕೀಲಿಯನ್ನೂ ಬರೆದುಬಿಡುವುದು ಆ ದುರಭ್ಯಾಸ. ನೋಡುವುದಕ್ಕೆ ಇದು ಬರವಣಿಗೆಯ ಸಣ್ಣ ಅಜಾಗ್ರತೆ. ಆದರೆ ವಿಜ್ಞಾನದ ವಿಧಾನಕ್ಕೇ ಇದು ವಿರುದ್ಧವಾದುದೆಂದೂ, ಕಾಲೇಜಿನ ಮೊದಲ ವರ್ಷದಲ್ಲಿಯೇ ತಿದ್ದಬೇಕಾದುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಕೀಲಿ ಎಂದರೇನು?

ಒಂದು ಗಣಕವು ಇನ್ನೊಂದು ಗಣಕವನ್ನು ಯಾವ ಮಾತಿನಲ್ಲಿ, ಯಾವ ಕ್ರಮದಲ್ಲಿ ಕೇಳಬೇಕು, ಉತ್ತರವು ಯಾವ ರೂಪದಲ್ಲಿ ಬರುತ್ತದೆ ಎಂಬ ಕಟ್ಟುಪಾಡಿಗೆ ಎಪಿಐ ಎಂದು ಹೆಸರು. ಬಹುಪಾಲು ಸಂಸ್ಥೆಗಳು ಕೇಳುವವರಿಗೆಲ್ಲ ಉತ್ತರ ಕೊಡುವ ಮೊದಲು, ಕೇಳುತ್ತಿರುವವರು ಯಾರೆಂಬುದನ್ನು ತಿಳಿಯಬಯಸುತ್ತವೆ. ಅದಕ್ಕಾಗಿ ಹೆಸರು ನೋಂದಾಯಿಸಿದ ಪ್ರತಿಯೊಬ್ಬನಿಗೂ ಅಕ್ಷರ ಅಂಕೆಗಳ ಉದ್ದವಾದ ಒಂದು ಸರಣಿಯನ್ನು ಕೊಡುತ್ತವೆ. ಇದೇ ಎಪಿಐ ಕೀಲಿ. ಪ್ರಶ್ನೆಯ ಜೊತೆಗೆ ಈ ಕೀಲಿಯೂ ಹೋದರೆ ಮಾತ್ರ ಉತ್ತರ ಬರುತ್ತದೆ.

ಕೀಲಿಯಿಂದ ಎರಡು ಕೆಲಸಗಳಾಗುತ್ತವೆ. ಮೊದಲನೆಯದು ಎಣಿಕೆ. ಫರ್ಮ್ಸ್ ವ್ಯವಸ್ಥೆಯು ಒಂದು ಕೀಲಿಗೆ ಹತ್ತು ನಿಮಿಷಗಳಲ್ಲಿ ೫,೦೦೦ ವ್ಯವಹಾರಗಳ ಮಿತಿಯನ್ನು ವಿಧಿಸಿದೆ. ಒಬ್ಬನೇ ಎಲ್ಲರ ಪಾಲನ್ನೂ ಸೆಳೆದುಕೊಳ್ಳದಿರಲೆಂದು ಈ ಏರ್ಪಾಡು. ಎರಡನೆಯದು ಅಧಿಕಾರ. ನಮ್ಮ ಸರಕಾರದ ತಾಣದಲ್ಲಿ ಎಲ್ಲರೂ ಪ್ರಯೋಗಿಸಿ ನೋಡಲೆಂದು ಒಂದು ಮಾದರಿ ಕೀಲಿಯನ್ನು ಬಹಿರಂಗವಾಗಿಯೇ ಇಟ್ಟಿದ್ದಾರೆ. ಅದರಿಂದ ಒಂದು ಸಲಕ್ಕೆ ಹತ್ತು ಸಾಲುಗಳಷ್ಟು ದತ್ತಾಂಶ ಮಾತ್ರ ಸಿಗುತ್ತದೆ. ಹೆಚ್ಚು ಬೇಕಾದವರು ನೋಂದಾಯಿಸಿಕೊಂಡು ತಮ್ಮದೇ ಕೀಲಿಯನ್ನು ಪಡೆಯಬೇಕು. ಹೀಗೆ ಕೀಲಿಯು ಒಬ್ಬನ ರುಜುವಿನಂತಹುದು. ಅದರಿಂದ ನಡೆದ ಕೆಲಸವೆಲ್ಲ ಅವನ ಹೆಸರಿನಲ್ಲಿ ನಡೆದಂತೆಯೇ ಲೆಕ್ಕ.

ಇನ್ನು ಫಂಕ್ಷನ್ನಿನ ವಿಷಯ. ಪ್ರೋಗ್ರಾಮಿನಲ್ಲಿ ಒಂದು ಹೆಸರನ್ನಿತ್ತು ಕಟ್ಟಿಟ್ಟ ಕೆಲಸದ ಭಾಗವೇ ಫಂಕ್ಷನ್. ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನು ಆವರಣ ಚಿಹ್ನೆಯೊಳಗಿಟ್ಟು ಅದರ ಕೈಗೆ ಕೊಡುತ್ತೇವೆ. ಈ ಸಾಮಗ್ರಿಗೆ ಪ್ರಾಚಲ ಅಥವಾ ಪ್ಯಾರಾಮೀಟರ್ ಎನ್ನುತ್ತಾರೆ. ಬೆಂಕಿಯ ನೆಲೆಗಳನ್ನು ಕೇಳಿ ತರುವ ಫಂಕ್ಷನ್ನನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ಬೆಂಕಿ(ಪ್ರದೇಶ, ದಿನಾಂಕ). ಕೀಲಿಯು ಒಳಗೆಲ್ಲೋ ಒಂದು ಸಾಲಿನಲ್ಲಿ ಅಡಗಿರುತ್ತದೆ. ಬರೆಯಬೇಕಾದ ರೀತಿ ಹೀಗೆ: ಬೆಂಕಿ(ಪ್ರದೇಶ, ದಿನಾಂಕ, ಕೀಲಿ). ಎರಡಕ್ಕೂ ಇರುವ ಭೇದ ಒಂದೇ ಒಂದು ಪದ. ಆದರೆ ಆ ಪದದಿಂದ ಬಹಳಷ್ಟು ಬದಲಾಗುತ್ತದೆ.

ಲೋಲಕದ ದೃಷ್ಟಾಂತ

ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದರ ಸೂತ್ರವನ್ನು ಬಲ್ಲನು. ಒಂದು ಸಲ ಹೋಗಿ ಬರುವ ಕಾಲವು ದಾರದ ಉದ್ದವನ್ನೂ ಆ ಸ್ಥಳದ ಗುರುತ್ವ ವೇಗೋತ್ಕರ್ಷವನ್ನೂ ಅವಲಂಬಿಸುತ್ತದೆ. ಎರಡು ಪೈ ಎಂಬ ಅಂಶ ಎಲ್ಲೆಡೆಯೂ ಒಂದೇ. ಅದು ಸೂತ್ರದ ಒಡಲಿಗೆ ಸೇರಿದ್ದು. ಉದ್ದವು ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತದೆ. ಅದನ್ನು ಹೊರಗಿನಿಂದ ಕೊಡಬೇಕು. ಗುರುತ್ವ ವೇಗೋತ್ಕರ್ಷವಾದರೋ ವಿಷುವದ್ವೃತ್ತದ ಬಳಿ ೯.೭೮ ಇದ್ದುದು ಧ್ರುವದ ಬಳಿ ೯.೮೩ ಆಗುತ್ತದೆ. ಹಾಸನದ ವಿದ್ಯಾರ್ಥಿಯು ೯.೭೮ನ್ನು ಸೂತ್ರದೊಳಗೇ ಅಚ್ಚೊತ್ತಿಬಿಟ್ಟರೆ ಅವನ ಸೂತ್ರವು ಹಾಸನಕ್ಕೆ ಸರಿಯಾದರೂ ನಾರ್ವೆಗೆ ಸರಿಯಾಗದು. ಅವನಿಗೆ ಲೋಲಕದ ನಿಯಮ ತಿಳಿದಿದೆ ಎನ್ನುವುದಕ್ಕಿಂತ, ತನ್ನ ಮೇಜಿನ ಮೇಲಿನ ಲೋಲಕ ತಿಳಿದಿದೆ ಎನ್ನುವುದೇ ಸರಿ.

ಹಾಗೆ ನೋಡಿದರೆ ಕೀಲಿಯು ಗುರುತ್ವಕ್ಕಿಂತಲೂ ಒಂದು ಹೆಜ್ಜೆ ಹೊರಗಿನದು. ಗುರುತ್ವವು ಸ್ಥಳಕ್ಕೆ ಸೇರಿದ್ದು. ಕೀಲಿಯು ವ್ಯಕ್ತಿಗೆ ಸೇರಿದ್ದು. ಗುಡ್ಡದ ಮೇಲೆ ಬೆಂಕಿ ಬಿದ್ದಿದೆಯೇ ಎಂಬ ಪ್ರಶ್ನೆಗೆ ಉತ್ತರವು, ಕೇಳಿದವನು ಯಾರು ಎಂಬುದರಿಂದ ಬದಲಾಗತಕ್ಕದ್ದಲ್ಲ. ಯಾರು ಅಳೆದರೆಂಬುದನ್ನು ದಾಖಲೆ ಪುಸ್ತಕದ ಮೇಲೆ ಬರೆಯುತ್ತೇವೆಯೇ ಹೊರತು ಸೂತ್ರದೊಳಗೆ ಬರೆಯುವುದಿಲ್ಲ. ಕೀಲಿಯನ್ನು ಫಂಕ್ಷನ್ನಿನೊಳಗೆ ಹುದುಗಿಸಿದಾಗ ವಿಧಾನವೂ ವ್ಯಕ್ತಿಯೂ ಬೆರೆತುಹೋಗುತ್ತವೆ. ಸಕಲೇಶಪುರದ ಕಾಲೇಜಿನಲ್ಲಿ ಬರೆದ ಪ್ರೋಗ್ರಾಮನ್ನು ಆಲೂರಿನ ವಿದ್ಯಾರ್ಥಿನಿಯೊಬ್ಬಳು ಪರೀಕ್ಷಿಸಿ ನೋಡಬಯಸಿದರೆ, ಅವಳು ಇನ್ನೊಬ್ಬನ ರುಜುವನ್ನು ಬಳಸಬೇಕು, ಇಲ್ಲವೇ ಪ್ರೋಗ್ರಾಮನ್ನು ಬಗೆದು ತಿದ್ದಬೇಕು. ತಿದ್ದಿದ ಮೇಲೆ ಅದು ಅದೇ ಪ್ರೋಗ್ರಾಮಾಗಿ ಉಳಿಯಿತೇ ಎಂಬ ಸಂಶಯ ಹುಟ್ಟುತ್ತದೆ. ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಹಾಗೆಯೇ ಮಾಡಿ ನೋಡುವಂತಿರಬೇಕೆಂಬ ವಿಜ್ಞಾನದ ಮೊದಲ ಕರಾರೇ ಇಲ್ಲಿ ಮುರಿಯುತ್ತದೆ.

ಹಂಚುವುದು, ಬಚ್ಚಿಡುವುದು

ಒಳ್ಳೆಯ ಪ್ರೋಗ್ರಾಮು ಹಂಚಿಕೊಳ್ಳತಕ್ಕ ವಸ್ತು. ಕೀಲಿಯು ಬಚ್ಚಿಡತಕ್ಕ ವಸ್ತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಹಂಚಿದಾಗಲೆಲ್ಲ ಗುಟ್ಟು ಹೋಗುತ್ತದೆ, ಗುಟ್ಟನ್ನು ಕಾಯಹೊರಟರೆ ಹಂಚುವುದಕ್ಕಾಗುವುದಿಲ್ಲ. ಇಂದು ವಿದ್ಯಾರ್ಥಿಗಳು ತಮ್ಮ ಪ್ರೋಗ್ರಾಮುಗಳನ್ನು ಗಿಟ್‌ಹಬ್ ಮೊದಲಾದ ಬಹಿರಂಗ ಕೋಶಗಳಲ್ಲಿ ಇಡುತ್ತಾರೆ. ಅಮೆರಿಕದ ನಾರ್ತ್ ಕರೊಲೈನ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಒಂದು ಲಕ್ಷಕ್ಕೂ ಮಿಕ್ಕ ಕೋಶಗಳಲ್ಲಿ ಕೀಲಿಗಳೂ ಅಂತಹ ಇತರ ಗುಟ್ಟುಗಳೂ ಬಯಲಾಗಿರುವುದನ್ನೂ, ದಿನವೂ ಸಾವಿರಾರು ಹೊಸದಾಗಿ ಬಯಲಾಗುತ್ತಿದ್ದುದನ್ನೂ ಕಂಡರು. ಕೋಶವು ಖಾಸಗಿಯಾಗಿದ್ದರೂ ಭಯ ತಪ್ಪಿದ್ದಲ್ಲ. ೨೦೧೬ರಲ್ಲಿ ಉಬರ್ ಸಂಸ್ಥೆಯ ಪ್ರೋಗ್ರಾಮುಗಳಲ್ಲಿ ಬರೆದಿಟ್ಟಿದ್ದ ಕೀಲಿಯು ಅನ್ಯರ ಕೈಗೆ ಸಿಕ್ಕಿ, ಸುಮಾರು ೫ ಕೋಟಿ ೭೦ ಲಕ್ಷ ಜನರ ವಿವರಗಳು ಕಳವಾದವು; ಸಂಸ್ಥೆಯು ಇದನ್ನು ಹೊರಗೆಡಹಿದ್ದು ೨೦೧೭ರ ನವೆಂಬರಿನಲ್ಲಿ.

ತಪ್ಪು ಗೊತ್ತಾದೊಡನೆ ಕೀಲಿಯ ಸಾಲನ್ನು ಅಳಿಸಿಬಿಟ್ಟರಾಯಿತು ಎಂದು ಕೆಲವರು ತಿಳಿಯುತ್ತಾರೆ. ಇಂತಹ ಕೋಶಗಳ ಸ್ವಭಾವವೇ ಹಿಂದಿನ ಪ್ರತಿಯೊಂದು ರೂಪವನ್ನೂ ಕಾದಿರಿಸುವುದು. ಇಂದು ಅಳಿಸಿದ ಸಾಲು ನಿನ್ನೆಯ ಪ್ರತಿಯಲ್ಲಿ ಉಳಿದೇ ಇರುತ್ತದೆ. ಬಯಲಾದ ಕೀಲಿಯನ್ನು ರದ್ದುಪಡಿಸಿ ಹೊಸದನ್ನು ಪಡೆಯುವುದೊಂದೇ ಉಪಾಯ. ಆಗಲಾದರೂ ಕೀಲಿಯು ಒಂದೇ ಕಡೆಯಿಂದ ಒಳಬರುವಂತಿದ್ದರೆ ಬದಲಾಯಿಸುವುದು ಒಂದು ನಿಮಿಷದ ಕೆಲಸ. ಹತ್ತು ಫಂಕ್ಷನ್ನುಗಳಲ್ಲಿ ಹರಡಿದ್ದರೆ ಹತ್ತು ಕಡೆ ತಡಕಾಡಬೇಕು, ಒಂದು ಕಡೆ ಮರೆತರೂ ಕೆಲಸ ನಿಲ್ಲುತ್ತದೆ.

ಈ ವಿವೇಕ ಹೊಸದೇನೂ ಅಲ್ಲ. ಫ್ರಾನ್ಸಿನಲ್ಲಿ ಭಾಷೆಗಳ ಅಧ್ಯಾಪಕನಾಗಿದ್ದ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬಾತ ೧೮೮೩ರಲ್ಲಿ ಸೈನ್ಯದ ಗೂಢಲಿಪಿಗಳನ್ನು ಕುರಿತು ಬರೆಯುತ್ತ ಒಂದು ತತ್ತ್ವವನ್ನು ಮುಂದಿಟ್ಟನು. ಗೂಢಲಿಪಿಯ ವಿಧಾನವು ಶತ್ರುವಿನ ಕೈಗೆ ಸಿಕ್ಕರೂ ಹಾನಿಯಾಗಕೂಡದು, ಗುಟ್ಟೆಲ್ಲವೂ ಕೀಲಿಯಲ್ಲಿರಬೇಕು, ಆ ಕೀಲಿಯನ್ನು ಬೇಕೆಂದಾಗ ಬದಲಾಯಿಸುವಂತಿರಬೇಕು ಎಂಬುದು ಅದರ ಸಾರ. ತಂತಿ ಸಮಾಚಾರದ ಕಾಲದಲ್ಲಿ ಹೇಳಿದ ಈ ಮಾತು ನಮ್ಮ ಫಂಕ್ಷನ್ನಿಗೂ ಅಕ್ಷರಶಃ ಸಲ್ಲುತ್ತದೆ. ವಿಧಾನವನ್ನು ನಿರ್ಭಯವಾಗಿ ತೆರೆದಿಡಬೇಕಾದರೆ ಮೊದಲು ಕೀಲಿಯನ್ನು ಅದರಿಂದ ಬೇರ್ಪಡಿಸಬೇಕು.

ಆನೆಯ ನೆಲೆ

ಬೆಂಕಿಯ ದತ್ತಾಂಶವು ಉಚಿತ, ಮಳೆಯ ದತ್ತಾಂಶವು ಉಚಿತ. ಕೀಲಿ ಕಳೆದರೆ ಯಾರ ಗಂಟು ಹೋಗುತ್ತದೆ ಎಂದು ವಿದ್ಯಾರ್ಥಿಯೊಬ್ಬನು ಕೇಳಬಹುದು. ಉತ್ತರಕ್ಕಾಗಿ ಅವನು ದೂರ ಹೋಗಬೇಕಾಗಿಲ್ಲ. ಸಕಲೇಶಪುರ ಆಲೂರುಗಳ ತೋಟಗದ್ದೆಗಳಲ್ಲಿ ಆನೆಗಳಿಗೂ ಮನುಷ್ಯರಿಗೂ ನಡೆದಿರುವ ಘರ್ಷಣೆ ನಾಡಿಗೆಲ್ಲ ತಿಳಿದದ್ದು. ಪ್ರೊಫೆಸರ್ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆಯು ೨೦೧೨ರಲ್ಲಿ ವರದಿಯನ್ನೊಪ್ಪಿಸಿದ ಅನಂತರ ಈ ಸೀಮೆಯಲ್ಲಿ ೨೨ ಆನೆಗಳನ್ನು ಹಿಡಿಯಲಾಯಿತು. ಆದರೂ ಸಮಸ್ಯೆ ತೀರಲಿಲ್ಲ. ಹಿಂಡಿನ ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ತೊಡಿಸಿ, ಅವುಗಳ ಚಲನೆಯನ್ನು ಅರಿತು, ಸಂದೇಶಗಳ ಮೂಲಕ ಊರವರನ್ನು ಎಚ್ಚರಿಸುವ ಕ್ರಮ ಬಂದಿದೆ. ಕೂಲಿಯವರು ಮುಂಜಾನೆ ತೋಟಕ್ಕೆ ಹೊರಡುವ ಮುನ್ನ ಈ ಎಚ್ಚರಿಕೆ ತಲಪುವುದು ಜೀವದ ಪ್ರಶ್ನೆ.

ಇಲ್ಲಿ ಎರಡು ಬಗೆಯ ತಿಳಿವಳಿಕೆಯುಂಟೆಂಬುದನ್ನು ಗಮನಿಸಬೇಕು. ‘ಈ ಊರಿನ ಬಳಿ ಆನೆ ಇದೆ’ ಎಂಬುದು ಎಲ್ಲರಿಗೂ ತಿಳಿಯಬೇಕಾದ ಮಾತು. ಕೊರಳಪಟ್ಟಿ ಕಳುಹಿಸುವ ಕರಾರುವಾಕ್ಕಾದ ಅಕ್ಷಾಂಶ ರೇಖಾಂಶಗಳು ಎಲ್ಲರ ಕೈಗೂ ಸಿಗತಕ್ಕವಲ್ಲ. ದಂತದ ಕಳ್ಳನಿಗೂ ಆನೆಯನ್ನು ಬೆನ್ನಟ್ಟಿ ಚಿತ್ರ ತೆಗೆಯುವ ಗುಂಪಿಗೂ ಅದು ಒಳ್ಳೆಯ ದಾರಿಕೈಮರವಾದೀತು. ಈ ಭಯ ಬರಿಯ ಕಲ್ಪನೆಯಲ್ಲ. ೨೦೧೩ರಲ್ಲಿ ಮಧ್ಯಪ್ರದೇಶದಲ್ಲಿ ಜಿಪಿಎಸ್ ಪಟ್ಟಿ ತೊಟ್ಟ ಹುಲಿಯೊಂದರ ನೆಲೆಗಳು ಬಂದು ಸೇರುತ್ತಿದ್ದ ವಿಜ್ಞಾನಿಯ ಇಮೇಲ್ ಖಾತೆಗೆ ನುಗ್ಗಲು ಅಪರಿಚಿತರು ಯತ್ನಿಸಿದರು, ಯತ್ನವು ಫಲಿಸಲಿಲ್ಲ. ಇಂತಹ ದತ್ತಾಂಶದ ಕೀಲಿಯನ್ನು ಪ್ರೋಗ್ರಾಮಿನೊಳಗೆ ಬರೆದು ಹಂಚುವುದು, ದಾರಿಹೋಕರಿಗೆಲ್ಲ ಹಿಂಡನ್ನು ಬೆರಳಿಟ್ಟು ತೋರಿಸಿದಂತೆ.

ಈ ಕೆಲಸದಲ್ಲಿ ತೊಡಗಿದವರು ದಾರಿಯನ್ನೂ ತೋರಿಸಿದ್ದಾರೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಪ್ರಾಣಿವರ್ತನೆ ಸಂಸ್ಥೆಯು ನಡೆಸುವ ‘ಮೂವ್‌ಬ್ಯಾಂಕ್’ ಎಂಬ ಭಂಡಾರದಲ್ಲಿ ಜಗತ್ತಿನ ಅನೇಕ ಪ್ರಾಣಿಗಳ ಚಲನೆಯ ದಾಖಲೆಗಳಿವೆ. ಅಲ್ಲಿಂದ ದತ್ತಾಂಶ ತರಲು ‘ಆರ್’ ಭಾಷೆಯಲ್ಲಿ ಬರೆದ ‘ಮೂವ್’ ಎಂಬ ಫಂಕ್ಷನ್ನುಗಳ ಕಟ್ಟಿನಲ್ಲಿ, ಮೊದಲು ಒಂದು ಫಂಕ್ಷನ್ನಿನಿಂದ ಪ್ರವೇಶಪತ್ರವನ್ನು ಸಿದ್ಧಪಡಿಸಿಕೊಂಡು, ಅನಂತರ ಅದನ್ನು ಅಧ್ಯಯನದ ಹೆಸರಿನ ಜೊತೆಗೆ ಪ್ರಾಚಲವಾಗಿ ಕೊಡಬೇಕು. ಫಂಕ್ಷನ್ನು ಎಲ್ಲರದ್ದು, ಪ್ರವೇಶಪತ್ರ ಅವರವರದ್ದು. ನೋಡಲು ಅನುಮತಿಯಿದ್ದಷ್ಟೇ ಅವರಿಗೆ ಕಾಣುತ್ತದೆ.

ಸೊನ್ನೆಗೂ ಮೌನಕ್ಕೂ ಇರುವ ಭೇದ

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಹುದುಗಿಸಿಟ್ಟ ಕೀಲಿಯನ್ನು ಬರೆದವನೂ ಮರೆಯುತ್ತಾನೆ. ಒಂದು ದಿನ ಕೀಲಿಯ ಅವಧಿ ಮುಗಿಯುತ್ತದೆ, ಇಲ್ಲವೇ ಹಲವರು ಬಳಸಿ ಅದರ ಮಿತಿ ತೀರುತ್ತದೆ. ಸರ್ವರು ಅಂಕಿಗಳ ಬದಲು ‘ಅನುಮತಿಯಿಲ್ಲ’ ಎಂದೋ ‘ಮಿತಿ ಮೀರಿದೆ’ ಎಂದೋ ಹೇಳುತ್ತದೆ. ವಾಡಿಕೆಯ ಸಂಕೇತಗಳಲ್ಲಿ ಮೊದಲನೆಯದಕ್ಕೆ ೪೦೧, ಎರಡನೆಯದಕ್ಕೆ ೪೨೯. ಅಜಾಗ್ರತೆಯಿಂದ ಬರೆದ ಪ್ರೋಗ್ರಾಮು ಇದನ್ನು ಗಮನಿಸದೆ, ಸಾಲುಗಳೇನೂ ಬರಲಿಲ್ಲವೆಂದು ಎಣಿಸಿ, ಪರದೆಯ ಮೇಲೆ ಸೊನ್ನೆಯನ್ನು ತೋರಿಸುತ್ತದೆ.

ಮಳೆಯ ಪುಸ್ತಕವನ್ನು ಬರೆದವರು ಈ ಭೇದವನ್ನು ಚೆನ್ನಾಗಿ ಬಲ್ಲರು. ಮಳೆ ಬಾರದ ದಿನ ಸೊನ್ನೆ. ಅಳೆಯದ ದಿನ ಖಾಲಿ. ಖಾಲಿ ಇದ್ದಲ್ಲಿ ಸೊನ್ನೆ ಬರೆದವನು ಸುಳ್ಳು ಬರೆದಂತೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿಸಿದ, ೧೫ ನಿಮಿಷಗಳಿಗೊಮ್ಮೆ ಅಂಕಿಯನ್ನು ತಾವೇ ಕಳುಹಿಸುವ ಮಳೆಮಾಪಕಗಳಿಗೂ ಇದೇ ನಿಯಮ ಸಲ್ಲಬೇಕು. ಘಟ್ಟದ ಮೇಲೆ ಎಡೆಬಿಡದೆ ಮಳೆ ಹೊಯ್ಯುವ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಈ ಭೇದಕ್ಕೆ ಎಷ್ಟು ಬೆಲೆಯೆಂಬುದನ್ನು ಹೇಳಬೇಕಾಗಿಲ್ಲ. ೨೦೧೮ರ ಆಗಸ್ಟಿನಲ್ಲಿಯೂ ೨೦೨೪ರ ಜುಲೈಯಲ್ಲಿಯೂ ಸಕಲೇಶಪುರ ಸುಬ್ರಹ್ಮಣ್ಯ ರೈಲುಮಾರ್ಗದಲ್ಲಿ ಭೂಮಿ ಕುಸಿದು ಗಾಡಿಗಳ ಸಂಚಾರ ನಿಂತಿತು. ಅಂತಹ ರಾತ್ರಿಯಲ್ಲಿ, ಸತ್ತ ಕೀಲಿಯೊಂದರ ದೆಸೆಯಿಂದ ಯಾವುದಾದರೂ ಪ್ರೋಗ್ರಾಮು ‘ಮಳೆ ಸೊನ್ನೆ’ ಎಂದು ತೋರಿಸಿದರೆ, ಏನೂ ತೋರಿಸದಿದ್ದುದಕ್ಕಿಂತ ಅದು ಕೆಟ್ಟದ್ದು.

ಕೀಲಿಯು ಪ್ರಾಚಲವಾಗಿದ್ದರೆ ಈ ದೋಷವನ್ನು ಮೊದಲೇ ಕಂಡುಹಿಡಿಯುವ ಉಪಾಯವಿದೆ. ಬೇಕೆಂದೇ ಒಂದು ಸುಳ್ಳು ಕೀಲಿಯನ್ನು ಕೊಟ್ಟು ಫಂಕ್ಷನ್ನು ಏನು ಮಾಡುತ್ತದೆಂದು ನೋಡಬಹುದು. ಅದು ‘ಕೀಲಿ ಸರಿಯಿಲ್ಲ’ ಎಂದು ಕೂಗಿ ಹೇಳಿದರೆ ನಂಬಬಹುದು. ಸುಮ್ಮನೆ ಸೊನ್ನೆ ಕೊಟ್ಟರೆ ತಿದ್ದಬೇಕು. ವೋಲ್ಟ್‌ಮಾಪಕದ ತಂತಿಯನ್ನು ಬಿಚ್ಚಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವ ಪರೀಕ್ಷೆಯಂತೆಯೇ ಇದು. ಕೀಲಿಯು ಒಳಗೆ ಬೆಸೆದುಹೋಗಿದ್ದರೆ ಈ ಪರೀಕ್ಷೆಗೆ ಫಂಕ್ಷನ್ನನ್ನೇ ಒಡೆಯಬೇಕು.

ಪ್ರಾಚಲವೊಂದೇ ಸಾಲದು

ಹಾಗೆಂದು ಕೀಲಿಯನ್ನು ಪ್ರಾಚಲವನ್ನಾಗಿ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಫಂಕ್ಷನ್ನನ್ನು ಕರೆಯುವ ಸಾಲಿನಲ್ಲಿ ಕೀಲಿಯ ಅಕ್ಷರಗಳನ್ನೇ ಬರೆದರೆ ಗುಟ್ಟು ಒಂದು ಮನೆಯಿಂದ ಪಕ್ಕದ ಮನೆಗೆ ಹೋದಂತಾಯಿತು, ಅಷ್ಟೆ. ಪ್ರಾಚಲಕ್ಕೆ ‘ಡೀಫಾಲ್ಟ್’ ಬೆಲೆಯಾಗಿ ತನ್ನ ಕೀಲಿಯನ್ನೇ ಇಡುವುದೂ ಅದೇ ತಪ್ಪಿನ ಇನ್ನೊಂದು ವೇಷ. ಕೀಲಿಯು ಪ್ರೋಗ್ರಾಮಿನ ಹೊರಗೆ ಇರಬೇಕು: ಗಣಕದ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿಯೋ, ಬಹಿರಂಗ ಕೋಶಕ್ಕೆ ಸೇರಿಸದ ಬೇರೊಂದು ಕಡತದಲ್ಲಿಯೋ. ಪ್ರೋಗ್ರಾಮು ಆರಂಭವಾಗುವಾಗ ಒಂದೇ ಸ್ಥಳದಲ್ಲಿ ಅದನ್ನು ಓದಿಕೊಂಡು, ಅಲ್ಲಿಂದ ಮುಂದೆ ಕೈಯಿಂದ ಕೈಗೆ ದಾಟಿಸಬೇಕು.

ಪ್ರತಿಯೊಂದು ಫಂಕ್ಷನ್ನೂ ತಾನೇ ಒಳಗಿನಿಂದ ಆ ಹೊರಗಿನ ಸ್ಥಳವನ್ನು ಓದಿಕೊಂಡರಾಗದೇ, ಪ್ರಾಚಲದ ಗೊಡವೆ ಏಕೆ ಎಂದು ಅನುಭವಸ್ಥರು ಕೇಳುವುದುಂಟು. ಗುಟ್ಟನ್ನು ಕಾಯುವ ಮಟ್ಟಿಗೆ ಅದರಿಂದ ದೋಷವಿಲ್ಲ. ಆದರೆ ಫಂಕ್ಷನ್ನಿಗೆ ಏನೇನು ಬೇಕೆಂಬುದು ಅದರ ಮೊದಲ ಸಾಲಿನಲ್ಲಿಯೇ ಕಾಣುವಂತಿರಬೇಕು. ತೆರೆಯ ಮರೆಯಿಂದ ಸಾಮಗ್ರಿ ತರಿಸಿಕೊಳ್ಳುವ ಫಂಕ್ಷನ್ನು ಒಂದು ಗಣಕದಲ್ಲಿ ನಡೆದು ಇನ್ನೊಂದರಲ್ಲಿ ಕಾರಣ ತಿಳಿಸದೆ ನಿಲ್ಲುತ್ತದೆ. ಕಲಿಯುವವರ ಮಟ್ಟಿಗಂತೂ ಸ್ಪಷ್ಟವಾಗಿ ಕೇಳಿ ಪಡೆಯುವ ರೀತಿಯೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಫರ್ಮ್ಸ್ ವ್ಯವಸ್ಥೆಯಲ್ಲಿ ಕೀಲಿಯು ಕೇಳಿಕೆಯ ವಿಳಾಸದೊಳಗೇ ಸೇರಿಹೋಗುತ್ತದೆ. ತಪ್ಪು ಹುಡುಕುವಾಗ ಆ ವಿಳಾಸವನ್ನು ಪರದೆಯ ಮೇಲೆ ಮುದ್ರಿಸಿ, ಅದರ ಚಿತ್ರವನ್ನು ಪ್ರಾಜೆಕ್ಟ್ ವರದಿಗೆ ಅಂಟಿಸಿದರೆ, ಮಾಡಿದ ಜೋಪಾನವೆಲ್ಲ ವ್ಯರ್ಥ.

ಕಾಲೇಜುಗಳು ಮಾಡಬೇಕಾದದ್ದು

ನಮ್ಮ ಪ್ರಯೋಗಶಾಲೆಗಳಲ್ಲಿ ಏಕಮಾನವಿಲ್ಲದೆ ಉತ್ತರ ಬರೆದರೆ ಅಂಕ ಕಳೆಯುತ್ತೇವೆ. ಮೊದಮೊದಲು ವಿದ್ಯಾರ್ಥಿಗಳು ಇದನ್ನು ಗುರುಗಳ ಹಟವೆಂದು ಗೊಣಗುತ್ತಾರೆ. ಒಂದು ವರ್ಷ ಕಳೆಯುವಷ್ಟರಲ್ಲಿ ಏಕಮಾನವಿಲ್ಲದ ಸಂಖ್ಯೆ ಅವರ ಕಣ್ಣಿಗೇ ಕುಂಟಾಗಿ ಕಾಣತೊಡಗುತ್ತದೆ. ಕೀಲಿಯ ವಿಷಯದಲ್ಲಿಯೂ ಇಂತಹ ಶಿಸ್ತು ಬೇಕು. ತರಗತಿಗೆಲ್ಲ ಒಂದೇ ಕೀಲಿಯನ್ನು ಕರಿಹಲಗೆಯ ಮೇಲೆ ಬರೆದುಕೊಡುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಉಚಿತವಾಗಿ ಸಿಗುವ ಕೀಲಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹೆಸರಿನಲ್ಲಿ ಪಡೆಯಲಿ. ಪ್ರಾಜೆಕ್ಟುಗಳನ್ನು ಒಪ್ಪಿಸುವಾಗ ಅಧ್ಯಾಪಕರು ತಮ್ಮದೇ ಕೀಲಿಯನ್ನು ಕೊಟ್ಟು ಪ್ರೋಗ್ರಾಮನ್ನು ಓಡಿಸಿ ನೋಡಲಿ. ಒಂದಕ್ಷರವನ್ನೂ ತಿದ್ದದೆ ಅದು ಓಡಿದರೆ ಮಾತ್ರ ಪೂರ್ಣಾಂಕ ಸಿಗಲಿ. ಸುಳ್ಳು ಕೀಲಿಯ ಪರೀಕ್ಷೆಯೂ ಅದರ ಜೊತೆಯಲ್ಲಿಯೇ ಆಗಲಿ. ಇದಕ್ಕೆ ಹೊಸ ಯಂತ್ರ ಬೇಡ, ಹಣ ಬೇಡ, ಪಠ್ಯಕ್ರಮ ಬದಲಾಗಬೇಕಾಗಿಯೂ ಇಲ್ಲ.

ಹಾಸನ ಒಂದೇ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸಕಲೇಶಪುರವೂ ಇದೆ, ಅದರ ಅರ್ಧವನ್ನೂ ಕಾಣದ ಅರಸೀಕೆರೆಯೂ ಇದೆ. ಇಡೀ ಹವಾಮಾನ ವಿಭಾಗದ ಸರಾಸರಿಯಲ್ಲಿ ಈ ಭೇದ ಮುಚ್ಚಿಹೋಗುತ್ತದೆ. ಊರೂರಿನ ಮಳೆ, ಬೆಂಕಿ, ಪ್ರಾಣಿಗಳ ಓಡಾಟಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡತಕ್ಕವರು ಆ ಊರುಗಳ ವಿದ್ಯಾರ್ಥಿಗಳೇ. ಸಕಲೇಶಪುರದವನು ಬರೆದ ಫಂಕ್ಷನ್ನನ್ನು ಅರಸೀಕೆರೆಯವಳು ತನ್ನ ಕೀಲಿಯಿಂದ ನಡೆಸಿ, ಎರಡು ಊರುಗಳ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಹೋಲಿಸುವಂತಾದರೆ, ಜಿಲ್ಲೆಯ ಪ್ರಕೃತಿಯ ಬಗೆಗೆ ನಮ್ಮ ತಿಳಿವಳಿಕೆ ನಿಜವಾಗಿಯೂ ಬೆಳೆಯುತ್ತದೆ. ಆ ಕೆಲಸಕ್ಕೆ ಮೊದಲು ಮಾಡಬೇಕಾದದ್ದು ಇಷ್ಟೇ: ಫಂಕ್ಷನ್ನಿನ ಆವರಣ ಚಿಹ್ನೆಯೊಳಗೆ ಇನ್ನೊಂದು ಪದವನ್ನು ಸೇರಿಸುವುದು.